ಬಸ್ಕಿ ಕಡಿಮೆ ಮಾಡಿ ಮಂಡಿ ಉಳಿಸಿಕೊಂಡೆ

ಮೈಸೂರಿನ ದಸರಾ ಕುಸ್ತಿಗೆ ಜೋಡಿ ಕಟ್ಟುವ, ಅಂದರೆ ಯಾರಿಗೆ ಯಾರು ಎದುರಾಳಿ ಎಂದು ಗೊತ್ತುಮಾಡುವ ದಿನ ನಾನು ಹೆಸರು ಕೊಟ್ಟಾಗ ನಮ್ಮ ಉಸ್ತಾದರೇ ಒಪ್ಪಿರಲಿಲ್ಲ. ‘ಮಂಡಿ ಕೆಟ್ಟವನು ಮಟ್ಟಿಗೆ ಇಳಿಯಬಾರದಪ್ಪ’ ಎಂದರು. ಮಟ್ಟಿ ಎಂದರೆ ಕುಸ್ತಿಯ ಮಣ್ಣಿನ ಕಣ. ಆ ವರ್ಷ ದೊಡ್ಡಕೆರೆ ಮೈದಾನದ ಅಖಾಡದಲ್ಲಿ ಸುಮಾರು ಹದಿನೈದು ನಿಮಿಷ ಹಿಡಿದು, ನನಗಿಂತ ಆರೇಳು ಕೆ.ಜಿ. ಹೆಚ್ಚಿದ್ದವನನ್ನು ಚಿತ್ ಮಾಡಿದೆ. ಕುಂಟದೆ ಮನೆಗೆ ಬಂದೆ.

ನೋವು ಶುರುವಾದದ್ದು ಮ್ಯಾಟ್‌ಗೆ ಹೋದ ಮೇಲೆ. ಮಟ್ಟಿಯಲ್ಲಿ ಪಾದ ಜಾರಿಕೊಡುತ್ತದೆ. ಮ್ಯಾಟ್‌ನಲ್ಲಿ ಬೂಟು ಕಚ್ಚಿ ನಿಲ್ಲುತ್ತದೆ, ಸೊಂಟ ತಿರುಗಿದ ಭಾರವೆಲ್ಲ ಮಂಡಿಗೆ. ಅದರ ಮೇಲೆ ದಿನಕ್ಕೆ ಎಂಟುನೂರು ಬಸ್ಕಿ. ಸ್ಕ್ಯಾನ್‌ಗೆ ಆರು ಸಾವಿರ ಹೋಯಿತು. ಏನೂ ಹರಿದಿರಲಿಲ್ಲ, ಚಿಪ್ಪಿನ ಕೆಳಗಿನ ಸ್ನಾಯುರಜ್ಜು ದಪ್ಪವಾಗಿತ್ತು. ಊತ ಇಳಿಯದಿದ್ದರೆ ಅಥವಾ ಮಂಡಿ ಮಧ್ಯದಲ್ಲಿ ಸಿಕ್ಕಿಕೊಳ್ಳುತ್ತಿದ್ದರೆ ಅದು ಬೇರೆಯ ಮಾತು, ಮೊದಲು ವೈದ್ಯರಿಗೆ ತೋರಿಸಿ.

ಎರಡು ತಿಂಗಳು ಪೂರ್ತಿ ಸಾಮು ಬಿಟ್ಟೆ. ನೋವು ಹೋಯಿತು, ಗರಡಿಗೆ ಮರಳಿದ ಮೂರನೆಯ ದಿನವೇ ಬಂತು. ಮಂಡಿಪಟ್ಟಿ ಮೂರು ಬಗೆಯವು, ಎರಡೂವರೆ ಸಾವಿರ. ಯಂತ್ರದ ಶಾಖ ಹತ್ತು ದಿನ, ನಾಲ್ಕು ಸಾವಿರ. ಒಂದು ಇಂಜೆಕ್ಷನ್ ಒಂಬತ್ತು ಸಾವಿರ, ಅದರ ಸುಖ ಆರು ವಾರ. ಅಜ್ಜಿ ಹೇಳಿದ ಲಕ್ಕಿಸೊಪ್ಪಿನ ಶಾಖಕ್ಕೆ ಕಾಸೂ ಖರ್ಚಾಗಲಿಲ್ಲ, ರಾತ್ರಿ ನಿದ್ದೆಯಾದರೂ ಬಂತು.

ಕೊನೆಗೆ ಎಂಟುನೂರನ್ನು ನಲವತ್ತಕ್ಕೆ ಇಳಿಸಿದೆ. ಹೆಗಲ ಮೇಲೆ ಮರಳಿನ ಚೀಲ, ನಾಲ್ಕು ಎಣಿಸುತ್ತ ಇಳಿಯುವುದು, ನಾಲ್ಕು ಎಣಿಸುತ್ತ ಏಳುವುದು, ದಿನ ಬಿಟ್ಟು ದಿನ. ಇಪ್ಪತ್ತು ಕೆ.ಜಿ.ಯಿಂದ ಹಿಡಿದು ಐದು ತಿಂಗಳಲ್ಲಿ ಐವತ್ತು ದಾಟಿದೆ. ಜೋರಿಗೆ (ಗರಡಿಯ ಅಭ್ಯಾಸದ ಕುಸ್ತಿಗೆ) ಮುಂಚೆ ಗೋಡೆಗೆ ಬೆನ್ನು ಕೊಟ್ಟು ಅರೆಬಸ್ಕಿಯಲ್ಲಿ ಮುಕ್ಕಾಲು ನಿಮಿಷ, ಐದು ಸಲ. ಆಮೇಲೆ ಇಳಿಜಾರು ಹಲಗೆಯ ಮೇಲೆ, ಹಿಮ್ಮಡಿ ಎತ್ತರಕ್ಕಿಟ್ಟು, ಒಂಟಿ ಕಾಲಿನ ಬಸ್ಕಿ. ಮಾಡುವಾಗ ಸ್ವಲ್ಪ ನೋವಿದ್ದರೆ ನಿಲ್ಲಿಸಲಿಲ್ಲ. ಮರುದಿನ ಬೆಳಗ್ಗೆ ಮೆಟ್ಟಿಲು ಇಳಿಯುವಾಗ ನೋವು ಹೆಚ್ಚಿದ್ದರೆ ಚೀಲದಿಂದ ಐದು ಕೆ.ಜಿ. ತೆಗೆಯುತ್ತಿದ್ದೆ. ಮೊದಲ ಆರು ವಾರ ಏನೂ ಫಲ ಕಾಣಲಿಲ್ಲ, ಬಿಡುವವನಿದ್ದೆ. ಮೂರನೆಯ ತಿಂಗಳು ಸಲೀಸಾಗಿ ಕುಕ್ಕರಗಾಲಿನಲ್ಲಿ ಕುಳಿತೆ.

‘ಬಸ್ಕಿ ಬಿಟ್ಟರೆ ದಮ್ಮು ಎಲ್ಲಿಂದ?’ ಎಂದು ಗರಡಿಯಲ್ಲಿ ಎಲ್ಲರೂ ಕೇಳಿದರು. ಪ್ರಶ್ನೆ ಸರಿಯಾಗಿಯೇ ಇತ್ತು. ದಮ್ಮಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹಿಡಿದೆ: ಸಾವಿರ ಮೆಟ್ಟಿಲು ಹತ್ತುವುದು ಕಾಲಿನಲ್ಲಿ, ಇಳಿಯುವುದು ಬಸ್ಸಿನಲ್ಲಿ. ಒಮ್ಮೆ ಹಟಕ್ಕೆ ಬಿದ್ದು ಓಡುತ್ತ ಇಳಿದೆ. ಎರಡು ದಿನ ಮಂಡಿ ಉಬ್ಬಿತ್ತು. ಹತ್ತಲು ಮೊದಲು ಇಪ್ಪತ್ತೈದು ನಿಮಿಷ ಬೇಕಿತ್ತು, ಜೋಡಿ ಕಟ್ಟುವ ಹೊತ್ತಿಗೆ ಹದಿನೇಳಕ್ಕೆ ಬಂದಿತ್ತು. ನಂದಿಯ ಹತ್ತಿರವೂ ನಿಲ್ಲುತ್ತಿರಲಿಲ್ಲ.

ಎದುರಾಳಿಯನ್ನು ಹೆಗಲ ಮೇಲಿಂದ ಎತ್ತಿ ಕೆಡವುವ ದೋಬಿ ಪಟ್ಟು ಹಾಕುವಾಗ ಮಂಡಿ ತಿರುಚದಂತೆ ಪಾದವನ್ನು ಹೇಗೆ ಬಿಡಿಸಿಕೊಳ್ಳುತ್ತೇನೆ ಎಂಬುದನ್ನು ಬರೆಯುವುದಿಲ್ಲ. ಮುಂದಿನ ದಸರಾದ ಜೋಡಿಯೂ ಇದನ್ನು ಓದಬಹುದು.

ಆ ಇಳಿಜಾರು ಹಲಗೆಯನ್ನು ನಮ್ಮ ಬೀದಿಯ ಬಡಗಿ ಮುನ್ನೂರು ರೂಪಾಯಿಗೆ ಮಾಡಿಕೊಟ್ಟಿದ್ದರು. ಹೋದ ತಿಂಗಳು ಉಸ್ತಾದರು ಅವರ ಬಳಿಯೇ ಇನ್ನೆರಡು ಮಾಡಿಸಿ ಗರಡಿಯ ಮೂಲೆಯಲ್ಲಿ ಇಟ್ಟಿದ್ದಾರೆ.