ನಾಲ್ಕು ತಿಂಗಳು ರೋಟೋ, ಬೇರೇನೂ ಇಲ್ಲ

ಹೋದ ತಿಂಗಳು ನನ್ನ ಆರನೆಯ ಬ್ಯಾಚಿನ ಕೊನೆಯ ಹುಡುಗನಿಗೂ ಮುಂಬಯಿಯ ಗೋರೆಗಾಂವ್ ಕಡೆಯ ಸ್ಟುಡಿಯೊ ಒಂದರಲ್ಲಿ ಕೆಲಸವಾಯಿತು. ಎಂಟು ಮಂದಿ ಸೇರಿದ್ದರು, ಎಂಟು ಮಂದಿಗೂ ಸಂಬಳ ಬರುತ್ತಿದೆ. ಡೊಂಬಿವಲಿ ಪೂರ್ವದ ಒಂದು ಕೋಣೆಯಲ್ಲಿ, ಹಳೆಯ ಕಂಪ್ಯೂಟರುಗಳನ್ನಿಟ್ಟು, ಕನ್ನಡದಲ್ಲಿ ಪಾಠ ಹೇಳಿ, ಸಿನಿಮಾದ ದೃಶ್ಯ ಪರಿಣಾಮದ, ಅಂದರೆ ವಿಎಫ್‌ಎಕ್ಸ್ ಕೆಲಸಕ್ಕೆ ಹುಡುಗರನ್ನು ತಯಾರು ಮಾಡುತ್ತೇನೆ ಎಂದಾಗ ನನ್ನ ಕಸುಬಿನವರೇ ಆಗುವ ಮಾತಲ್ಲ ಎಂದಿದ್ದರು. ಹೇಗಾಯಿತು ಎಂದು ಈಗ ಅವರೇ ಕೇಳುತ್ತಿದ್ದಾರೆ. ಹೊಸಬರಿಗೆ ಮೂರೇ ಮಾತು: ಕ್ಯಾಮೆರಾದಲ್ಲಿ ತೆಗೆದ ಮೂಲ ದೃಶ್ಯ ಪ್ಲೇಟ್; ಅದರಲ್ಲಿನ ಆಕೃತಿಯ ಅಂಚಿಗೆ ಫ್ರೇಮ್ ಫ್ರೇಮಿಗೂ ಗೆರೆ ಕೂರಿಸಿ ಬೇರ್ಪಡಿಸುವುದು ರೋಟೋ; ಹಾಗೆ ಸಿಗುವ ಕಪ್ಪುಬಿಳುಪಿನ ಆಕಾರ ಮ್ಯಾಟ್. ನಾನು ಎಲ್ಲಿ ಸೋತೆ, ಎಷ್ಟು ಕಳೆದುಕೊಂಡೆ, ಯಾವಾಗ ದಾರಿ ಸಿಕ್ಕಿತು ಎಂಬುದನ್ನಷ್ಟೇ ಹೇಳುತ್ತೇನೆ.

ಶುರು ಮಾಡಿದ್ದು 2017ರಲ್ಲಿ. ಲ್ಯಾಮಿಂಗ್ಟನ್ ರಸ್ತೆಯಿಂದ ಐದು ಹಳೆಯ ವರ್ಕ್‌ಸ್ಟೇಷನ್ ತಂದೆ. ಒಂದಕ್ಕೆ ಸುಮಾರು 28 ಸಾವಿರ, ಮೇಲೆ ರ‍್ಯಾಮ್ ಹಾಕಿಸಿದ್ದು ಬೇರೆ. ಕೋಣೆಯ ಬಾಡಿಗೆ 11 ಸಾವಿರ. ಹೆಂಡತಿಯ ನಾಲ್ಕು ಬಳೆಗಳನ್ನು ಅಡವಿಟ್ಟಿದ್ದೆ. ಮೊದಲ ಬ್ಯಾಚಿನ ಒಂಬತ್ತು ಮಂದಿಗೆ ಹತ್ತು ತಿಂಗಳಲ್ಲಿ ಎಲ್ಲವನ್ನೂ ಕಲಿಸಿದೆ: ಮಾಡೆಲಿಂಗ್, ಟೆಕ್ಸ್ಚರ್, ಲೈಟಿಂಗ್, ಸ್ಫೋಟ, ಹೊಗೆ, ಎಲ್ಲ ಪದರಗಳನ್ನೂ ಒಂದೇ ಚಿತ್ರವಾಗಿ ಬೆಸೆಯುವ ಕಾಂಪ್. ದೊಡ್ಡ ಸಂಸ್ಥೆಗಳು ಎರಡು ಮೂರು ಲಕ್ಷ ತೆಗೆದುಕೊಂಡು ಕಲಿಸುವುದನ್ನು ನಾನು ಕಾಲು ಭಾಗಕ್ಕೆ ಕೊಡುತ್ತೇನೆ ಎಂಬ ಹುಮ್ಮಸ್ಸು. ಹುಡುಗರು ಕೆಲಸ ಕೇಳಲು ಮಾಡಿದ ಮಾದರಿ ವಿಡಿಯೊಗಳಲ್ಲಿ, ಅಂದರೆ ಶೋರೀಲ್‌ಗಳಲ್ಲಿ ಆಕಾಶನೌಕೆ ಇತ್ತು, ಉರಿಯುವ ಕಟ್ಟಡ ಇತ್ತು. ಮಲಾಡ್‌ನ ಒಂದು ಸ್ಟುಡಿಯೊದಲ್ಲಿ ಮೇಲ್ವಿಚಾರಕರು ಇಪ್ಪತ್ತು ಸೆಕೆಂಡು ನೋಡಿ, “ಇದರಲ್ಲಿ ನಾಳೆ ಬೆಳಿಗ್ಗೆ ನಾನು ನಿಮಗೆ ಕೊಡಬಹುದಾದ ಕೆಲಸ ಯಾವುದಿದೆ?” ಎಂದು ನನ್ನ ಹುಡುಗನನ್ನು ಕೇಳಿದರು. ಅವನ ಬಳಿ ಉತ್ತರ ಇರಲಿಲ್ಲ. ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ನನ್ನ ಬಳಿಯೂ ಇರಲಿಲ್ಲ. ಒಂಬತ್ತರಲ್ಲಿ ಒಬ್ಬನಿಗೆ ಮಾತ್ರ ಕೆಲಸ ಸಿಕ್ಕಿತು, ಅದೂ ಮದುವೆ ವಿಡಿಯೊ ಎಡಿಟಿಂಗ್‌ಗೆ.

ಲೋಕಲ್ ರೈಲಿನಲ್ಲಿ ಮನೆಗೆ ಬರುವಾಗಲೇ ತೀರ್ಮಾನಿಸಿದೆ. ಸ್ಟುಡಿಯೊಗಳು ಹೊಸಬರನ್ನು ತೆಗೆದುಕೊಳ್ಳುವುದು ಬಹುಪಾಲು ರೋಟೋ ಮತ್ತು ಪೇಂಟ್ (ಚಿತ್ರದಲ್ಲಿ ಬೇಡದ್ದನ್ನು ಅಳಿಸುವ) ವಿಭಾಗಕ್ಕೆ. ಹಾಗಿದ್ದ ಮೇಲೆ ಮೊದಲ ನಾಲ್ಕು ತಿಂಗಳು ರೋಟೋ ಬಿಟ್ಟು ಬೇರೇನನ್ನೂ ತೋರಿಸಬಾರದು. ದೊಡ್ಡ ಸಂಸ್ಥೆಯೊಂದರಲ್ಲಿ ಕಲಿಸುವ ಗೆಳೆಯ, “ಕಲಾವಿದರನ್ನು ಬಿಟ್ಟು ಕೂಲಿಗಳನ್ನು ತಯಾರಿಸಲು ಹೊರಟಿದ್ದೀಯಾ” ಎಂದು ಬೈದ. ಮುಂಬಯಿಯಲ್ಲಿ ಹಗಲು ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದವರ ಮನೆಯಿಂದ ಬಂದವನು ನಾನು. ಮೊದಲ ಮೆಟ್ಟಿಲನ್ನು ಕೀಳೆಂದು ನಾನು ಯಾವತ್ತೂ ಎಣಿಸಿಲ್ಲ. ನನ್ನ ತರಗತಿಯೂ ರಾತ್ರಿ ಎಂಟೂವರೆಗೇ ಶುರುವಾಗುತ್ತದೆ.

ಎರಡನೆಯ ಬ್ಯಾಚಿನಲ್ಲಿ ದುಡ್ಡು ಹೋದದ್ದು ಇನ್ನೊಂದು ಬಗೆಯಲ್ಲಿ. ಕೆಲಸ ಸಿಕ್ಕ ಮೇಲೆ ಫೀಸು ಕೊಟ್ಟರಾಯಿತು ಎಂದಿದ್ದೆ. ಏಳು ಮಂದಿಯಲ್ಲಿ ನಾಲ್ವರಿಗೆ ಕೆಲಸ ಸಿಕ್ಕಿತು, ಫೀಸು ಕೊಟ್ಟವರು ಇಬ್ಬರು. ತೊಂಬತ್ತು ಸಾವಿರದಷ್ಟು ಕೈಬಿಟ್ಟಿತು. ಈಗ ತಿಂಗಳಿಗೆ 4,500, ಎರಡು ತಿಂಗಳದ್ದು ಮುಂಗಡ. ನೆನಪಿರಲಿ, ಪುಕ್ಕಟೆಯಾಗಿದ್ದಾಗ ವಾರಕ್ಕೆ ಎರಡು ದಿನ ತಪ್ಪಿಸುತ್ತಿದ್ದವರು ಮುಂಗಡ ಕಟ್ಟಿದ ಮೇಲೆ ಮಳೆಗಾಲದಲ್ಲಿ ಹಳಿಯ ಮೇಲೆ ನೀರು ನಿಂತ ದಿನವೂ ಬಂದರು.

ಇನ್ನು ಪಾಠದ ವಿಷಯ. ಅಭ್ಯಾಸಕ್ಕೆ ಪ್ಲೇಟ್ ಸಿಗುವುದಿಲ್ಲ ಎಂದು ಅನೇಕರು ಗೊಣಗುತ್ತಾರೆ. ಉಚಿತ 3ಡಿ ತಂತ್ರಾಂಶ ಬ್ಲೆಂಡರ್‌ನ ಹಿಂದಿರುವ ಬ್ಲೆಂಡರ್ ಫೌಂಡೇಶನ್ ತನ್ನ 2012ರ ‘ಟಿಯರ್ಸ್ ಆಫ್ ಸ್ಟೀಲ್’ ಕಿರುಚಿತ್ರದ ಮೂಲ ಪ್ಲೇಟುಗಳನ್ನೇ ಎಲ್ಲರಿಗೂ ಬಿಟ್ಟುಕೊಟ್ಟಿದೆ. ಸ್ಟುಡಿಯೊಗಳು ಬಳಸುವ ಕಾಂಪ್ ತಂತ್ರಾಂಶ ನ್ಯೂಕ್‌ನ ವಾಣಿಜ್ಯೇತರ ಆವೃತ್ತಿ ಉಚಿತ. ಅದರಿಂದ 1920 x 1080ಕ್ಕಿಂತ ದೊಡ್ಡ ಚಿತ್ರ ಹೊರಗೆ ಬರುವುದಿಲ್ಲ, ಕಲಿಕೆಗೆ ಅಷ್ಟು ಸಾಕು. ಆದರೂ ನಾನು ಹೆಚ್ಚು ಬಳಸುವುದು ನಾವೇ ತೆಗೆದದ್ದನ್ನು. ನಮ್ಮ ಗಲ್ಲಿಯಲ್ಲಿ ನನ್ನ ಅತ್ತಿಗೆ ಸೊಪ್ಪಿನ ಚೀಲ ಹಿಡಿದು ನಡೆದು ಬರುವ ಶಾಟ್ ಒಂದಿದೆ. ನಾಲ್ಕೇ ಸೆಕೆಂಡು, 96 ಫ್ರೇಮ್. ಗಾಳಿಗೆ ಸೆರಗು ಏಳುತ್ತದೆ, ಚೀಲ ಮೊಣಕಾಲಿಗೆ ತಾಗುತ್ತದೆ, ಎರಡು ಬೆರಳು ಚೀಲದ ಹಿಡಿಯೊಳಗೆ ಮರೆಯಾಗಿ ಮತ್ತೆ ಕಾಣಿಸುತ್ತವೆ. ಇದನ್ನು ದಾಟಿದವರಿಗೆ ಸ್ಟುಡಿಯೊದ ಪರೀಕ್ಷೆ ಕಷ್ಟವಾಗಿಲ್ಲ.

ಕುಂದಾಪುರದ ಕಡೆಯ ಒಬ್ಬ ಹುಡುಗಿಗೆ ಈ ಶಾಟನ್ನು ಹದಿನಾಲ್ಕು ಸಲ ವಾಪಸು ಕೊಟ್ಟೆ. ಮೊದಲ ಸಲ ಅವಳು ಒಂದು ಫ್ರೇಮ್ ಬಿಟ್ಟು ಒಂದಕ್ಕೆ ಕೀ, ಅಂದರೆ ಗೆರೆಯನ್ನು ಕೈಯಿಂದ ಕೂರಿಸಿದ ಗುರುತು, ಹಾಕಿದ್ದಳು. ನಿಲ್ಲಿಸಿ ನೋಡಿದರೆ ಗೆರೆ ಎಲ್ಲೆಡೆ ಸರಿ, ಓಡಿಸಿದರೆ ಅತ್ತಿಗೆಯ ಭುಜ ಕಾದ ಹಾಲಿನ ಕೆನೆಯಂತೆ ನಡುಗುತ್ತಿತ್ತು. “ಎಲ್ಲವನ್ನೂ ಅಳಿಸು” ಎಂದೆ. ಅವಳ ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿ ಕುಳಿತು ಹಿಮ್ಮಡಿ ನೆಲ ಮುಟ್ಟುವ ಫ್ರೇಮುಗಳನ್ನು ಮಾತ್ರ ಕಾಗದದ ಮೇಲೆ ಬರೆಸಿದೆ: 7, 20, 33, ಹೀಗೆ. ಮೊದಲ ಸುತ್ತಿನ ಕೀ ಅಲ್ಲಿ ಮಾತ್ರ. ಎರಡನೆಯ ಸುತ್ತು, ಒಂದು ಕಾಲು ಇನ್ನೊಂದನ್ನು ದಾಟುವಲ್ಲಿ. ಮೂರನೆಯದು, ಗೆರೆ ಜಾರಿದ ಕಡೆ ಮಾತ್ರ. ಮೇಲ್ತೋಳು, ಮುಂಗೈ, ಹಸ್ತ, ಒಂದೊಂದು ಬೆರಳು, ಎಲ್ಲವೂ ಬೇರೆ ಬೇರೆ ಆಕೃತಿ. ಮೊಣಕೈಯ ಮೇಲಿಟ್ಟ ಚುಕ್ಕೆ ಕೊನೆಯವರೆಗೂ ಮೊಣಕೈಯ ಮೇಲೆಯೇ ಇರಬೇಕು. ಅದು ಮುಂಗೈಗೆ ಜಾರಿದರೆ ನಡುಕ ಅಲ್ಲಿಂದಲೇ ಹುಟ್ಟುತ್ತದೆ. 48 ಕೀ ಇದ್ದ ಕಡೆ ಇಪ್ಪತ್ತರ ಒಳಗೆ ಮುಗಿಯಿತು. ತಿದ್ದುವುದನ್ನು ನಾನು ಬಾಯಿಮಾತಿನಲ್ಲಿ ಹೇಳುವುದಿಲ್ಲ. ಸ್ಟುಡಿಯೊದಲ್ಲಿ ಬರುವ ಹಾಗೆಯೇ ಫ್ರೇಮ್ ಸಂಖ್ಯೆ ಸಹಿತ ಬರೆದು ಕಳಿಸುತ್ತೇನೆ, ಉತ್ತರಕ್ಕೆ ಗಡುವೂ ಇರುತ್ತದೆ. ಕೆಲಸಕ್ಕೆ ಸೇರಿದ ಮೊದಲ ವಾರ ರೀಟೇಕ್ ಕಂಡು ಎದೆಗುಂದದ ಹುಡುಗರು ನನ್ನವರು ಎಂದು ಎರಡು ಸ್ಟುಡಿಯೊಗಳಲ್ಲಿ ಹೇಳಿದ್ದಾರೆ. ಆ ಮಾತಿನ ಬಗ್ಗೆ ನನಗೆ ಹೆಮ್ಮೆ ಇದೆ.

ಮ್ಯಾಟನ್ನು ಕಪ್ಪುಬಿಳುಪಿನಲ್ಲಿ ಒಮ್ಮೆ, ಕೆಂಪು ಹಿನ್ನೆಲೆಯ ಮೇಲೆ ಒಮ್ಮೆ ನೋಡುವುದು ಎಲ್ಲರಿಗೂ ಗೊತ್ತು. ನನ್ನಲ್ಲಿ ಮೂರನೆಯ ತಪಾಸಣೆಯೊಂದಿದೆ, ಕೂದಲಿನ ಅಂಚಿಗೆ ಒಂದು ಕ್ರಮವೂ ಇದೆ. ಅವೆರಡೂ ಇಷ್ಟು ವರ್ಷಗಳ ಗಳಿಕೆ, ಕೋಣೆಗೆ ಬಂದವರಿಗೆ ಮಾತ್ರ.

ನಡುವೆ ಮಾಡಿದ ಬೇರೆ ಪ್ರಯೋಗಗಳೂ ಇವೆ. ಹಸಿರು ಪರದೆಗೆಂದು ಉಲ್ಲಾಸನಗರದಿಂದ ಹನ್ನೆರಡು ಮೀಟರ್ ಬಟ್ಟೆ ತಂದೆ, 1,900 ರೂಪಾಯಿ. ಬಟ್ಟೆಗೆ ಹೊಳಪಿತ್ತು, ಹಸಿರೆಲ್ಲ ಹುಡುಗರ ಕೆನ್ನೆಗೆ ಹೊಡೆದು, ಪರದೆಯ ಹಸಿರನ್ನು ಕಂಪ್ಯೂಟರಿನಲ್ಲಿ ತೆಗೆದಾಗ ಮುಖವೇ ತೂತಾಯಿತು. ಕೊನೆಗೆ ಒಂದು ಗೋಡೆಗೆ ಹೊಳಪಿಲ್ಲದ ಹಸಿರು ಬಣ್ಣ ಬಳಿಸಿದೆ. ಇನ್ನೊಂದು ಪ್ರಯೋಗ ನನಗೆ ಬಹಳ ಪ್ರಿಯವಾದದ್ದು. ಎಲ್ಲರನ್ನೂ ಒಂದು ಯಕ್ಷಗಾನಕ್ಕೆ ಕರೆದೊಯ್ದು, ಚೆಂಡೆಯ ಯಾವ ಪೆಟ್ಟಿಗೆ ಹೆಜ್ಜೆ ನೆಲಕ್ಕೆ ಬೀಳುತ್ತದೆ ಎಂದು ಬರೆದುಕೊಳ್ಳಲು ಹೇಳಿದೆ. ಆಮೇಲೆ ಕಲಾವಿದರ ಒಪ್ಪಿಗೆ ಪಡೆದು ಒಂದು ಧೀಂಗಿಣವನ್ನು, ಅಂದರೆ ಗಿರಕಿ ಹೊಡೆಯುವ ಕುಣಿತವನ್ನು, ಚಿತ್ರೀಕರಿಸಿದೆವು. ರೋಟೋ ಯಾರಿಂದಲೂ ಮುಗಿಯಲಿಲ್ಲ, ಅಷ್ಟು ಮೋಷನ್ ಬ್ಲರ್, ಅಂದರೆ ಚಲನೆಯ ಮಸುಕು. ಆದರೆ ಗೆರೆ ಮಸುಕಿನ ಹೊರ ಅಂಚಿನಲ್ಲಲ್ಲ, ನಡುವೆ ಹೋಗಬೇಕು ಎಂಬುದು ಆ ಶಾಟಿನಲ್ಲಿ ತಲೆಗೆ ಹತ್ತಿದಷ್ಟು ಬೇರೆಲ್ಲೂ ಹತ್ತಿರಲಿಲ್ಲ.

2023 ಬಹಳ ಕೆಟ್ಟ ವರ್ಷ. ಮೇ ತಿಂಗಳಲ್ಲಿ ಹಾಲಿವುಡ್ ಬರಹಗಾರರು, ಜುಲೈಯಲ್ಲಿ ನಟರು ಮುಷ್ಕರ ಹೂಡಿದರು; ನಟರದ್ದು ಮುಗಿದದ್ದು ನವೆಂಬರಿನಲ್ಲಿ. ಅಲ್ಲಿ ಚಿತ್ರೀಕರಣ ನಿಂತರೆ ಇಲ್ಲಿಗೆ ಪ್ಲೇಟ್ ಬರುವುದಿಲ್ಲ. ಆ ಬ್ಯಾಚಿನ ಏಳರಲ್ಲಿ ಐವರು ಮನೆಯಲ್ಲಿ ಕುಳಿತರು. ಠಾಣೆಯ ಹೋಟೆಲೊಂದರ ಗಲ್ಲೆಯಲ್ಲಿ ಕೂರುವ ಒಬ್ಬ ತಂದೆ ಬಂದು, “ಮಾಷ್ಟ್ರೇ, ಇವನನ್ನು ನನ್ನ ಜೊತೆಗೇ ಹಾಕಿಕೊಳ್ಳಲೇ?” ಎಂದರು. ಎರಡು ತಿಂಗಳು ಸಮಯ ಕೇಳಿದೆ. ಐವರಿಗೂ ಪೇಂಟ್ ಚೆನ್ನಾಗಿ ಹಿಡಿಸಿ ಧಾರಾವಾಹಿ ಮತ್ತು ಜಾಹೀರಾತಿನ ಕೆಲಸಕ್ಕೆ ಕಳಿಸಿದೆ: ತಂತಿ ಅಳಿಸುವುದು, ಅಂಗಡಿಯ ಫಲಕ ತೆಗೆಯುವುದು, ಮೈಕ್ ಮರೆಮಾಡುವುದು. ದಿನಗೂಲಿಯ ಲೆಕ್ಕ, ಆದರೂ ಕೈ ತುಕ್ಕು ಹಿಡಿಯಲಿಲ್ಲ. ಅಂದಿನಿಂದ ಪೇಂಟ್ ಐದನೆಯ ತಿಂಗಳ ಪಾಠವಾಗಿ ಉಳಿದಿದೆ. ಠಾಣೆಯ ಆ ತಂದೆಯ ಮಗ ಈಗ ಬೆಂಗಳೂರಿನಲ್ಲಿ ಕಾಂಪ್ ಮಾಡುತ್ತಿದ್ದಾನೆ.

ಯಂತ್ರವೇ ರೋಟೋ ಮಾಡುವ ಕಾಲ ಬಂತಲ್ಲ ಎನ್ನುವವರಿಗೆ: ನಾವೂ ಅದನ್ನು ಬಳಸುತ್ತೇವೆ. ಅತ್ತಿಗೆಯ ಶಾಟನ್ನು ಯಂತ್ರಕ್ಕೆ ಕೊಟ್ಟಾಗ ಮೈಯೆಲ್ಲ ನಿಮಿಷಗಳಲ್ಲಿ ಬಂತು. ಚೀಲದ ಹಿಡಿಯೊಳಗಿನ ಬೆರಳು ಮತ್ತು ಸೆರಗಿನ ತುದಿ ಬರಲಿಲ್ಲ. ಯಾವ ಫ್ರೇಮಿನಲ್ಲಿ ಕೆಟ್ಟಿದೆ ಎಂದು ಹತ್ತು ನಿಮಿಷದಲ್ಲಿ ಪಟ್ಟಿ ಮಾಡುವ ಪರೀಕ್ಷೆಯನ್ನು ಈ ವರ್ಷ ಸೇರಿಸಿದ್ದೇನೆ. ಕೈಯಿಂದ ಮಾಡಿದವರ ಕಣ್ಣಿಗೆ ಮಾತ್ರ ಅದು ಬೇಗ ಬೀಳುತ್ತದೆ.

ಮೊದಲ ಸಂಬಳ 16ರಿಂದ 18 ಸಾವಿರ, ಅದಕ್ಕಿಂತ ಹೆಚ್ಚಿನ ಆಸೆಯನ್ನು ನಾನು ಯಾರಿಗೂ ತೋರಿಸುವುದಿಲ್ಲ. ಬಳೆಗಳನ್ನು ಹೋದ ದೀಪಾವಳಿಗೆ ಬಿಡಿಸಿಕೊಂಡೆ.

ಈಗ ತಲೆಯಲ್ಲಿರುವುದು ಕ್ಯಾಮೆರಾದ ಚಲನೆಯನ್ನು ಕಂಪ್ಯೂಟರಿನಲ್ಲಿ ಹಾಗೆಯೇ ಮರುರೂಪಿಸುವ ಮ್ಯಾಚ್‌ಮೂವ್. ಸ್ಟುಡಿಯೊ ತಂತ್ರಾಂಶಕ್ಕೆ ಹಣವಿಲ್ಲ, ಆದ್ದರಿಂದ ಬ್ಲೆಂಡರ್‌ನಲ್ಲೇ ಶುರು ಮಾಡಿದ್ದೇವೆ. ಮೊಬೈಲ್ ಹಿಡಿದು ಗಲ್ಲಿಯುದ್ದಕ್ಕೂ ನಡೆದು ತೆಗೆದ ಶಾಟಿನಲ್ಲಿ ಕ್ಯಾಮೆರಾ ಚಿತ್ರವನ್ನು ಸಾಲು ಸಾಲಾಗಿ ಓದುವ ರೋಲಿಂಗ್ ಶಟರ್ ಕಾರಣ ಕಂಬಗಳೆಲ್ಲ ಬಾಗಿ ಟ್ರ್ಯಾಕ್ ಜಾರಿಹೋಯಿತು. ಮಾಟುಂಗಾದ ಪರಿಚಯದವರೊಬ್ಬರು ಒಳ್ಳೆಯ ಕ್ಯಾಮೆರಾ ಒಂದನ್ನು ಭಾನುವಾರಕ್ಕೆ ಕೊಡುತ್ತೇನೆ ಎಂದಿದ್ದಾರೆ. ಅತ್ತಿಗೆಗೂ ಹೇಳಿಟ್ಟಿದ್ದೇನೆ, ಅದೇ ಚೀಲ, ಅದೇ ಸೀರೆ.