ಪಿಯಾನೋ ಕಲಿಯುವ ಪುಟ್ಟ ಮಗುವಿಗೆ ಮನೆಯಲ್ಲಿ ಏನೇನು ಮಾಡಬೇಕು?

"ಮೇಡಂ, ನಮ್ಮ ಹುಡುಗಿ ಕೇಳಿದ ಹಾಡು ಹಂಗೇ ನುಡಿಸ್ತಾಳ್ರೀ. ಯಾವಾಗ ಸ್ಟೇಜ್ ಹತ್ತಿಸೋಣ?" ಬಳ್ಳಾರಿಯಲ್ಲಿ ನನ್ನ ಹತ್ತಿರ ಬರುವ ಅಪ್ಪ-ಅಮ್ಮಂದಿರು ಮೊದಲು ಕೇಳುವುದೇ ಇದನ್ನು. ಸ್ಟೇಜ್ ಆಮೇಲೆ. ಮೊದಲು ಕೂರುವುದನ್ನು ನೋಡೋಣ.

ಐದು ವರ್ಷದ ಮಗುವಿನ ಕಾಲು ನೆಲಕ್ಕೆ ಎಟುಕುವುದಿಲ್ಲ. ಕಾಲು ಜೋತಾಡಿದರೆ ಮೈ ಅಲ್ಲಾಡುತ್ತದೆ, ಬೆರಳಿಗೆ ಬಲ ಸಿಗುವುದಿಲ್ಲ. ಪಾದದ ಕೆಳಗೆ ಅಡುಗೆಮನೆಯ ಮಣೆ ಇಡಿ. ಮೊಣಕೈ ಕೀಗಳ ಮಟ್ಟಕ್ಕೆ ಬರಬೇಕು.

ಆಟದ ಕೀಬೋರ್ಡ್ ಜಾಸ್ತಿ ದಿನ ಸಾಲುವುದಿಲ್ಲ. 88 ಕೀ ಇರುವ, ಒತ್ತಿದರೆ ಬೆರಳಿಗೆ ಭಾರ ತಿಳಿಯುವ ಡಿಜಿಟಲ್ ಪಿಯಾನೋ ತೊಗೊಳ್ಳಿ. ಮರದ ಪಿಯಾನೋ ನಮ್ಮೂರಿಗೆ ಬೇಡ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಒಣ ಬಿಸಿಲು, ಆಮೇಲೆ ಮಳೆಗಾಲದ ತೇವ. ಮರ ಕುಗ್ಗಿ ಹಿಗ್ಗಿ ಶ್ರುತಿ ಕೆಡುತ್ತದೆ. ಡಿಜಿಟಲ್‌ಗೆ ಯುಪಿಎಸ್ ಲೈನ್ ಕೊಟ್ಟರೆ ಕರೆಂಟ್ ಹೋದಾಗಲೂ ಅಭ್ಯಾಸ ನಿಲ್ಲುವುದಿಲ್ಲ.

ಜರ್ಮನಿಯ ಹೆಸರಾಂತ ಪಿಯಾನೋ ವಾದಕಿ ಕ್ಲಾರಾ ವೀಕ್ 1828ರಲ್ಲಿ, 9ನೇ ವಯಸ್ಸಿಗೆ, ಲೈಪ್ಸಿಗ್‌ನ ಗೆವಾಂಡ್‌ಹೌಸ್ ಸಭಾಂಗಣದಲ್ಲಿ ನುಡಿಸಿದರು. ಅಪ್ಪ ಫ್ರೀಡ್ರಿಷ್ ಪಿಯಾನೋ ಮೇಷ್ಟ್ರು. ಶುರುವಿನಲ್ಲಿ ನೊಟೇಷನ್ (ಬರೆದಿಟ್ಟ ಸ್ವರ) ಕೊಡದೆ ಕಿವಿಯಿಂದಲೇ ಕಲಿಸಿದರು. ಬಯಲಿನಲ್ಲಿ ದೂರ ದೂರ ನಡೆಸುತ್ತಿದ್ದರು. ಇವೆರಡನ್ನೂ ನೀವು ಮಾಡಿ, ಸಂಜೆ ಕೋಟೆ ಕಡೆ ಕರೆದುಕೊಂಡು ಹೋಗಿ. ಆದರೆ ಆ ಅಪ್ಪ ಮಗಳ ಡೈರಿಯನ್ನೂ ತಾವೇ ಬರೆಯುತ್ತಿದ್ದರು! ಅಷ್ಟು ಹಿಡಿತ ಯಾವ ಮಗುವಿಗೂ ಬೇಡ.

ಇನ್ನು ಹೆಬ್ಬೆರಳು. ಬಲಗೈಯಲ್ಲಿ ಸಿ ಮೇಜರ್ ಸ್ಕೇಲ್ (ಸಿ ಕೀಯನ್ನೇ ಸ ಮಾಡಿಕೊಂಡು ಸರಿಗಮ ಏರುವುದು) ನುಡಿಸುವಾಗ ಸ, ರಿ, ಗ ಮೂರು ಬೆರಳಿಗೆ ಬರುತ್ತವೆ. ಮ ಬಂದಾಗ ಹೆಬ್ಬೆರಳು ನಡುಬೆರಳಿನ ಕೆಳಗಿಂದ ನುಸುಳಬೇಕು. ಮಕ್ಕಳು ಮೊಣಕೈ ಎತ್ತುವುದು ಅಲ್ಲೇ. ಆಗ ಮ ದಪ್ ಅಂತ ಕೇಳುತ್ತದೆ. ನಿಮಗೆ ಸಂಗೀತ ಬಾರದಿದ್ದರೂ ಇದು ಗೊತ್ತಾಗುತ್ತದೆ, ಕಣ್ಣು ಮುಚ್ಚಿ ಕೇಳಿ. ಹೆಬ್ಬೆರಳು ಎಲ್ಲಿ ಬಂತು ಅಂತ ತಿಳಿಯಬಾರದು. ತಿಳಿದರೆ ಬೈಯಬೇಡಿ. ಪೂರ್ತಿ ಸ್ಕೇಲ್ ಬಿಟ್ಟು ಗ-ಮ, ಗ-ಮ ಅಷ್ಟನ್ನೇ ನಿಧಾನಕ್ಕೆ ನುಡಿಸಲಿ. ಅದು ಸರಿಹೋದ ಮೇಲೆ ಮುಂದಕ್ಕೆ.

ಬೆಳಗ್ಗೆ 20 ನಿಮಿಷ, ಸಂಜೆ 20 ನಿಮಿಷ ಸಾಕು. ಮೊದಲ ವರ್ಷ ನೀವೂ ಪಕ್ಕದಲ್ಲಿ ಕೂರಿ, ಫೋನ್ ಬೇರೆ ರೂಮಲ್ಲಿರಲಿ. ಕೈ ನೋವು ಅಂದ ಕೂಡಲೇ ನಿಲ್ಲಿಸಿ, ನೆಪ ಅಂದುಕೊಳ್ಳಬೇಡಿ.

ಈಗ ಸ್ಟೇಜ್. ಮೊದಲು ಮನೆಗೆ ಬಂದ ನೆಂಟರ ಮುಂದೆ ನುಡಿಸಲಿ, ಆಮೇಲೆ ಗಣಪತಿ ಪೆಂಡಾಲ್. ಹೊಸದಾಗಿ ಕಲಿತದ್ದು ಬೇಡ, ಕೈಯಲ್ಲಿ ಕೂತು ಎರಡು ತಿಂಗಳಾದ ಪೀಸ್ ಇರಲಿ. ಅಲ್ಲಿನ ಕೀಬೋರ್ಡ್ ಬೇರೆಯವರದ್ದು, ಅಲ್ವಾ? ಸ್ವಲ್ಪ ಮುಂಚೆ ಹೋಗಿ ಟ್ರಾನ್ಸ್‌ಪೋಸ್ (ಎಲ್ಲ ಕೀಗಳ ಶ್ರುತಿಯನ್ನು ಒಟ್ಟಿಗೆ ಏರಿಸಿ ಇಳಿಸುವ ಸೆಟ್ಟಿಂಗ್) ಸೊನ್ನೆಯಲ್ಲಿದೆಯಾ ನೋಡಿ. ಹಿಂದೆ ನುಡಿಸಿದವರು ಅದನ್ನು ಹಾಗೇ ಬಿಟ್ಟು ಹೋಗಿದ್ದರೆ ಸಿ ಒತ್ತಿದಾಗ ಬೇರೆ ಸ್ವರ ಬರುತ್ತದೆ. ಕಿವಿ ಚುರುಕಿರುವ ಮಗುವೇ ಆಗ ಎಲ್ಲರಿಗಿಂತ ಜಾಸ್ತಿ ತಬ್ಬಿಬ್ಬಾಗುತ್ತದೆ.