ಅರಳುಮರಳು ಎನ್ನುವ ಮುನ್ನ ಮಾತ್ರೆ ಡಬ್ಬಿ ಪರಿಶೀಲಿಸುವುದು ಹೇಗೆ?

ಮನೆಯ ಹಿರಿಯರು ಏಕಾಏಕಿ ಮರೆಯತೊಡಗಿದರೆ ‘ಅರವತ್ತಕ್ಕೆ ಅರಳುಮರಳು’ ಎಂದು ಸುಮ್ಮನಾಗುವವರನ್ನು ಶಿಡ್ಲಘಟ್ಟದ ನಮ್ಮ ಬಂಧುಬಳಗದಲ್ಲೇ ಬಹಳ ಕಂಡಿದ್ದೇನೆ. ಆದರೆ ಅದಕ್ಕೆ ಅವರು ನುಂಗುವ ಮಾತ್ರೆಯೇ ಕಾರಣವಾಗಿರಬಹುದು. ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕಗಳಾದ ನರಪ್ರೇಷಕಗಳಲ್ಲಿ, ನೆನಪಿಗೂ ಗಮನಕ್ಕೂ ಬೇಕಾದ ಅಸಿಟೈಲ್‌ಕೋಲಿನ್‌ನ ವ್ಯವಸ್ಥೆ ವಯಸ್ಸಾದಂತೆ ಸೊರಗುತ್ತದೆ. ಕೈಕಾಲಿನ ಚಲನೆಗೆ ಬೇಕಾದ ಇನ್ನೊಂದು ನರಪ್ರೇಷಕ ಡೋಪಮೈನ್; ಅದರ ಸಂದೇಶ ಹಿಡಿಯುವ ಗ್ರಾಹಕಗಳೂ ಯೌವನ ಕಳೆದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಸುಮಾರು ಶೇ 10ರಷ್ಟು ಕುಗ್ಗುತ್ತವೆ. ಮೂತ್ರಪಿಂಡದ ಕೆಲಸವೂ ನಿಧಾನವಾಗುವುದರಿಂದ ಹಲವು ಔಷಧಗಳು ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತವೆ. ಹೀಗಾಗಿ ಮಗನಿಗೆ ಬರೀ ತೂಕಡಿಕೆ ತರಿಸುವ ಮಾತ್ರೆಯೇ ತಾಯಿಗೆ ದಿಕ್ಕು ತಪ್ಪಿಸಬಲ್ಲದು.

ಮೊದಲಿಗೆ ಮನೆಯಲ್ಲಿರುವ ಮಾತ್ರೆ, ಸಿರಪ್, ಹನಿಗಳೆಲ್ಲವನ್ನೂ ಒಂದು ಚಾಪೆಯ ಮೇಲೆ ಸುರಿಯಿರಿ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ‘ಬಿ.ಪಿ. ಮಾತ್ರೆ, ಸಕ್ಕರೆ ಮಾತ್ರೆ, ಒಂದು ಚಿಕ್ಕ ಬಿಳಿಯದು’ ಎಂದು ಬರೆದ ಪಟ್ಟಿಯಿಂದ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಬರೀ ಬ್ರ್ಯಾಂಡ್ ಹೆಸರನ್ನಲ್ಲ, ಸ್ಟ್ರಿಪ್ಪಿನ ಮೇಲೆ ಮುದ್ರಿಸಿರುವ ಔಷಧದ ಮೂಲ ಹೆಸರನ್ನು ಮಿಲಿಗ್ರಾಂ ಸಮೇತ ಬರೆದುಕೊಳ್ಳಬೇಕು. ನಮ್ಮ ದೊಡ್ಡಮ್ಮನ ಬಿಸ್ಕತ್ತಿನ ಡಬ್ಬಿಯಲ್ಲಿ ಅಂಗಡಿಯವರು ಕತ್ತರಿಸಿ ಕೊಟ್ಟ ನಾಲ್ಕು ಮಾತ್ರೆಗಳ ತುಂಡೊಂದಿತ್ತು, ಹೆಸರಿದ್ದ ಭಾಗ ಅಂಗಡಿಯಲ್ಲೇ ಉಳಿದಿತ್ತು. ಮತ್ತೆ ಹೋಗಿ ಕೇಳಿದಾಗ ಅದು ಅವರು ತಿಂಗಳುಗಟ್ಟಲೆ ರಾತ್ರಿ ನುಂಗುತ್ತಿದ್ದ, ಕ್ಲೋರ್‌ಫೆನಿರಮಿನ್ ಇರುವ ನೆಗಡಿ ಮಾತ್ರೆಯೆಂದು ತಿಳಿಯಿತು. ಚೀಟಿಯಿಲ್ಲದೆ ತಂದ ಇಂಥವನ್ನೇ ಜನ ಪಟ್ಟಿಯಿಂದ ಬಿಡುತ್ತಾರೆ. ವಾರದ ಏಳು ಖಾನೆಗಳ ಪ್ಲಾಸ್ಟಿಕ್ ಡಬ್ಬಿಯನ್ನು ನಾನು ಒಪ್ಪುವುದಿಲ್ಲ, ಅದಕ್ಕೆ ಸೇರಿದ ಮಾತ್ರೆಯ ಹೆಸರು ಅಲ್ಲಿಗೇ ಕಳೆದುಹೋಗುತ್ತದೆ. ನೆನಪಿನ ಶಕ್ತಿಯ ಟಾನಿಕ್‌ಗೆ ದುಡ್ಡು ಸುರಿಯಬೇಡಿ. ಈಗಾಗಲೇ ತಂದಿದ್ದರೆ ಅದನ್ನೂ ಪಟ್ಟಿಗೆ ಸೇರಿಸಿ.

ಬಳಿಕ ಕೆಲವು ಹೆಸರುಗಳಿಗೆ ಅಡಿಗೆರೆ ಎಳೆಯಿರಿ. ಕ್ಲೋರ್‌ಫೆನಿರಮಿನ್, ನರದ ಉರಿಗೆ ಕೊಡುವ ಅಮಿಟ್ರಿಪ್ಟಿಲಿನ್, ಪದೇ ಪದೇ ಮೂತ್ರಕ್ಕೆ ಹೋಗುವುದನ್ನು ತಡೆಯುವ ಆಕ್ಸಿಬ್ಯುಟಿನಿನ್ ಇವು ಅಸಿಟೈಲ್‌ಕೋಲಿನ್‌ನ ಕೆಲಸಕ್ಕೆ ಅಡ್ಡ ಬರುತ್ತವೆ. ಬಾಯಿ ಒಣಗುವುದು, ಮಲಬದ್ಧತೆ, ಗಲಿಬಿಲಿ ಇವುಗಳ ಗುರುತು. ತಲೆಸುತ್ತಿಗೆ ಬರೆಯುವ ಸಿನ್ನರಿಜಿನ್ ಡೋಪಮೈನನ್ನು ತಡೆದು ಪಾರ್ಕಿನ್ಸನ್ ರೋಗದಂತೆಯೇ ಕೈನಡುಕ ತರಬಹುದು. ನಿದ್ದೆಗೆ ಕೊಡುವ ಆಲ್‌ಪ್ರಜೋಲಮ್ ಗಾಬಾ ಎಂಬ ನರಪ್ರೇಷಕದ ಪ್ರಭಾವವನ್ನು ಹೆಚ್ಚಿಸುವುದರಿಂದ ರಾತ್ರಿ ಎದ್ದವರು ಜೋಲಿ ತಪ್ಪಿ ಬೀಳುತ್ತಾರೆ. ಇನ್ನೊಂದು ಜೋಡಿಯನ್ನೂ ಗಮನಿಸಿ: ಮರೆವಿಗೆ ಕೊಡುವ ಡೊನೆಪೆಜಿಲ್ ಅಸಿಟೈಲ್‌ಕೋಲಿನ್ ಹೆಚ್ಚಿಸುತ್ತದೆ, ಅದರಿಂದ ಮೂತ್ರದ ಅವಸರ ಬರಬಹುದು, ಅದಕ್ಕೆಂದು ಆಕ್ಸಿಬ್ಯುಟಿನಿನ್ ಸೇರಿಸಿದರೆ ಒಂದು ಮಾಡಿದ್ದನ್ನು ಇನ್ನೊಂದು ಅಳಿಸಿಹಾಕುತ್ತದೆ.

ಅಡಿಗೆರೆ ಬಿದ್ದ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಕೂಡದು. ಬಹುಕಾಲ ತೆಗೆದುಕೊಂಡ ಆಲ್‌ಪ್ರಜೋಲಮ್ ಅನ್ನು ಹಠಾತ್ತನೆ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ಪಟ್ಟಿಯನ್ನೂ ಸ್ಟ್ರಿಪ್ಪುಗಳನ್ನೂ ಒಬ್ಬರೇ ವೈದ್ಯರ ಮುಂದಿಟ್ಟು ಯಾವುದನ್ನು ಇಳಿಸಬಹುದೆಂದು ಕೇಳಿ. ಗಲಿಬಿಲಿ ಒಂದೆರಡು ದಿನಗಳಲ್ಲೇ ಶುರುವಾಗಿದ್ದರೆ ಪಟ್ಟಿ ಮುಗಿಯಲೆಂದು ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಮಾತ್ರೆ ಇಳಿಸಿದ ತಾರೀಖನ್ನು ಅದೇ ಹಾಳೆಯಲ್ಲಿ ಬರೆದು, ನಿದ್ದೆ, ನಡಿಗೆ ಮತ್ತು ಮಾತಿನಲ್ಲಾಗುವ ಬದಲಾವಣೆಯನ್ನು ಮುಂದಿನ ಭೇಟಿಯವರೆಗೆ ದಿನಕ್ಕೊಂದು ಸಾಲಿನಂತೆ ಗುರುತು ಹಾಕಿಕೊಳ್ಳಿ.